ನೂರು ಟನ್ನಿನ ಮಾತು

ತಮ್ಮಾ, ಎಕರೆಗೆ 100 ಟನ್ ಕಬ್ಬು ತೆಗೆಯದ ರೈತ ನಮ್ಮೂರು ಸತ್ತಿಯ ಚಹಾದಂಗಡಿಗಳಲ್ಲಿ ಸಿಗುವುದಿಲ್ಲ. ಅವನನ್ನು ನೋಡಬೇಕೆಂದರೆ ಹೊಲಕ್ಕೇ ಹೋಗಬೇಕು. ಈ ಸಲ ನೀನೂ ನೂರರ ಸಾಲಿಗೆ ಸೇರಿದೆಯಂತೆ. ಆ ಮಾತು ಆಡುವಾಗ ಎದುರಿಗೆ ಯಾರು ಕೂತಿದ್ದರು ಅನ್ನುವುದೂ ಗೊತ್ತಾಯಿತು. ನಿಮ್ಮಿಬ್ಬರದು ಹೈಸ್ಕೂಲಿನಿಂದ ಬಂದ ಜಿದ್ದು. ಕಬಡ್ಡಿ ಆಯಿತು, ಎಸ್ಸೆಸ್ಸೆಲ್ಸಿ ಮಾರ್ಕು ಆಯಿತು, ಬೈಕು ಆಯಿತು, ಈಗ ಕಬ್ಬಿಗೆ ಬಂದು ನಿಂತಿದೆ. ಹೊಲಗಳ ನಡುವೆ ಬದುವೂ ಒಂದೇ. ಜಿದ್ದು ಇರಲಿ ಬಿಡು, ಅದರಿಂದ ಇಬ್ಬರ ಹೊಲವೂ ಹಸನಾದದ್ದನ್ನು ನೋಡಿದ್ದೇನೆ. ನನ್ನ ತಕರಾರು ಆ ಅಂಕಿಯ ಮೇಲೆ.

ನೂರು ಹೇಗೆ ಹುಟ್ಟುತ್ತದೆ ಅನ್ನುವುದು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಬಾವಿಯ ಮಗ್ಗುಲಲ್ಲಿ ನೀರು, ಗೊಬ್ಬರ ಎರಡನ್ನೂ ಕಂಡ ಒಂದು ಗುಂಟೆಯನ್ನು ಆರಿಸಿ ತೂಗಿಸುತ್ತಾರೆ. ಎರಡೂವರೆ ಟನ್ ಬೀಳುತ್ತದೆ. 40ರಿಂದ ಗುಣಿಸಿದರೆ ಮುಗಿಯಿತು. ಉಳಿದ 39 ಗುಂಟೆಯ ಸುದ್ದಿ ಯಾರಿಗೂ ಬೇಡ. ಪಹಣಿ ಉತಾರದಲ್ಲಿ 1 ಎಕರೆ 10 ಗುಂಟೆ ಇದ್ದದ್ದು ಬಾಯಲ್ಲಿ ಬರೀ ಒಂದು ಎಕರೆಯಾಗುತ್ತದೆ. ಅಣ್ಣನ ಕಬ್ಬೂ ತಮ್ಮನ ಹೆಸರಲ್ಲೇ ಕಾರ್ಖಾನೆಯಲ್ಲಿ ನೋಂದಣಿಯಾಗಿದ್ದರೆ ಟನ್ನು ಇಬ್ಬರದು, ಎಕರೆ ಒಬ್ಬನದು. ಇನ್ನು ಅಡಸಾಲಿಯನ್ನು ಕುಳೆಗೆ ಹೋಲಿಸುವುದಂತೂ ದಿನನಿತ್ಯದ ಆಟ. ಜುಲೈ-ಆಗಸ್ಟಿನಲ್ಲಿ ನೆಟ್ಟ ಅಡಸಾಲಿ 16-18 ತಿಂಗಳು ಹೊಲದಲ್ಲಿ ನಿಲ್ಲುತ್ತದೆ, ಕುಳೆ ವರ್ಷದೊಳಗೇ ಗಾಡಿ ಹತ್ತುತ್ತದೆ. ತಿಂಗಳ ಲೆಕ್ಕ ಬಿಟ್ಟು ಟನ್ನಿನ ಲೆಕ್ಕ ಹೇಳಿದರೆ ಯಾರು ಬೇಕಾದರೂ ಗೆಲ್ಲಬಹುದು.

ನಿಜವಾಗಿ ನೂರು ಮುಟ್ಟಿಸಿದವರು ಇಲ್ಲವೆನ್ನುತ್ತಿಲ್ಲ. ಐದಡಿ ಸಾಲು, ಡ್ರಿಪ್, ರೋಗವಿಲ್ಲದ ಬೀಜ, ನಡುವೆ ಒಂದು ಹಸಿರೆಲೆ ಗೊಬ್ಬರದ ಬೆಳೆ ಎಂದು ಮೈಮುರಿದು ಮಾಡಿದವರಿದ್ದಾರೆ. ಕೇಳಿದರೆ ಕಾರ್ಖಾನೆಯ ತೂಕದ ಕಾಟಾ ಚೀಟಿ ತೋರಿಸುತ್ತಾರೆ. ನಿನ್ನ ಚೀಟಿ ಹೇಳುವುದು ಎಕರೆಗೆ 44. ರಾಜ್ಯದ ಸರಾಸರಿಯೇ 40ರ ಆಜುಬಾಜು ಇರುವಾಗ 44ಕ್ಕೆ ನಾಚುವುದು ಯಾಕೆ?

ನೂರು ಎಂದ ಮೇಲೆ ನೂರರವನಂತೆ ಬದುಕಬೇಕಾಗುತ್ತದೆ, ತಮ್ಮಾ. ಕಟಾವಿನ ಗ್ಯಾಂಗಿನವರು ನಿನ್ನ ಹೊಲಕ್ಕೆ ಬಂದಾಗ ಕೂಲಿಯ ಮೇಲಿನ ಲಗಾಣಿ ಏರಿಸುತ್ತಾರೆ. ಜಾತ್ರೆಯ ಪಟ್ಟಿ ಹಾಕುವವರು ನಿನ್ನ ಹೆಸರಿನ ಮುಂದೆ ದೊಡ್ಡ ಅಂಕಿ ಬರೆದುಕೊಂಡೇ ಬರುತ್ತಾರೆ. ಅದನ್ನೂ ಸಹಿಸಬಹುದು. ಪಿಕೆಪಿಎಸ್‌ನಲ್ಲಿ ಅಂದರೆ ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದಾಗ ನಾನು ಕಂಡದ್ದು ಇದಕ್ಕಿಂತ ಕೆಟ್ಟದ್ದು. ಹೀಗೇ ನೂರು ಅಂದಿದ್ದ ಒಬ್ಬಾತ ಸಾಲದ ಅರ್ಜಿ ಹಿಡಿದು ಕತ್ತಲಾದ ಮೇಲೆ ಮನೆಗೆ ಬಂದ. ಚಪ್ಪಲಿಯನ್ನೂ ಒಳಗಡೆಯೇ ಬಿಟ್ಟ, ಹೊರಗೆ ಯಾರಾದರೂ ಗುರುತು ಹಿಡಿದಾರೆಂದು. "ಕಾಕಾ, ನನ್ನ ಅರ್ಜಿ ಮೀಟಿಂಗಿನ್ಯಾಗ ಓದಬ್ಯಾಡ್ರಿ" ಅಂದ. ಅವನ ಎದುರಾಳಿ ಆಗ ನಮ್ಮ ಆಡಳಿತ ಮಂಡಳಿಯಲ್ಲಿದ್ದ. ಓದದೆ ಮಂಜೂರು ಮಾಡುವುದು ಹೇಗಪ್ಪಾ ಅಂದೆ. ಅರ್ಜಿ ಮಡಚಿ ಕಿಸೆಗೆ ಹಾಕಿಕೊಂಡು ಎದ್ದ. ಬೆಳೆಸಾಲಕ್ಕೆ ಆಗ 3 ಲಕ್ಷದವರೆಗೆ ಬಡ್ಡಿಯೇ ಇರಲಿಲ್ಲ. ಆ ದುಡ್ಡು ಬಿಟ್ಟು ಅವನು ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿಯಂತೆ ಒಂದು ಲಕ್ಷ ಕೈಗಡ ತಂದ. ವರ್ಷಕ್ಕೆ 36,000. ಟನ್ನಿಗೆ 3,300ರ ದರ ಹಿಡಿದರೆ 11 ಟನ್ ಕಬ್ಬು, ನಿನ್ನ ಇಳುವರಿಯಲ್ಲಿ ಕಾಲು ಎಕರೆ. ಎದುರಾಳಿಯ ಮುಂದೆ ಮುಖ ಉಳಿಸಿಕೊಳ್ಳಲು ವರ್ಷವರ್ಷವೂ ಕಾಲು ಎಕರೆ ಕಬ್ಬನ್ನು ಬಡ್ಡಿಯವನ ಮನೆಗೆ ಕಡಿದು ಹಾಕಿದ ಹಾಗಾಯಿತು. ಎದುರಾಳಿಗಾದರೂ ಇದರಿಂದ ಹೊಟ್ಟೆ ಉರಿಯಿತೇ ಅಂದರೆ ಅದೂ ಇಲ್ಲ. ಸಾಲ ಕೊಟ್ಟವನೇ ಅವನಿಗೆ ಎಲ್ಲ ಹೇಳಿದ್ದ.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಬ್ಬಿನ ದರಕ್ಕಾಗಿ ಹಗಲುರಾತ್ರಿ ಕೂತಾಗ ನೀನೂ ಹೋಗಿದ್ದೆ. ಟನ್ನಿಗೆ 3,500 ಕೇಳಿದ್ದರು, ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಅಲ್ಲಿ ಗೊಬ್ಬರ ಎಷ್ಟು, ಕೂಲಿ ಎಷ್ಟು, ಕೈಗೆ ಉಳಿಯುವುದೆಷ್ಟು ಎಂದು ಎಲ್ಲರೂ ಖರ್ಚಿನ ಗಂಟು ಬಿಚ್ಚಿಟ್ಟರು. ಅದೇ ರೈತ ಊರಿಗೆ ಬಂದು ಚಹಾ ಕುಡಿಯುತ್ತ ನೂರು ಟನ್ ಅಂದರೆ ಕಾರ್ಖಾನೆಯವನು ಯಾವ ಲೆಕ್ಕ ನಂಬಬೇಕು? ಅವರ ಫೀಲ್ಡ್‌ಮನ್ನರೂ ಇದೇ ಅಂಗಡಿಯಲ್ಲೇ ಚಹಾ ಕುಡಿಯುವುದು.

2019ರ ಮಹಾಪೂರದ ವರ್ಷ ಮಾತ್ರ ನೂರು ಅಂದವರು ನನಗೆ ಸಿಗಲಿಲ್ಲ. ಕೃಷ್ಣೆಯ ದಂಡೆಯ ಕಬ್ಬೆಲ್ಲ ನೀರಲ್ಲಿ ನಿಂತು ಕೊಳೆತದ್ದನ್ನು ಎಲ್ಲರೂ ನೋಡಿದ್ದರು, ಮುಚ್ಚಿಡಲು ಜಾಗವೇ ಇರಲಿಲ್ಲ. ಬೀಜಕ್ಕೆ, ಸಾಲಕ್ಕೆ, ದನದ ಮೇವಿಗೆ ಒಬ್ಬರನ್ನೊಬ್ಬರು ಬಾಯಿ ಬಿಟ್ಟು ಕೇಳಿದರು. ಜಿದ್ದಿನವರೂ ಕೇಳಿದರು, ಜಿದ್ದಿನವರೂ ಕೊಟ್ಟರು.

ಈಗ ಬದುವಿನ ಮಾತಿಗೆ ಬರುತ್ತೇನೆ, ಇದನ್ನು ಹೇಳಲೆಂದೇ ಇಷ್ಟು ಹೊತ್ತು ಕೂತಿದ್ದು. ನಿನ್ನ ಹೊಲದ ಕೆಳಗಿನ ಮೂಲೆ ಸವಳಾಗುತ್ತಿದೆ. ನೀರು ಹಾಯಿಸಿ ಎರಡು ದಿನ ಬಿಸಿಲು ಬಿದ್ದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಾಣುತ್ತದೆ, ಅಲ್ಲಿಯ ಕಬ್ಬು ಮೊಣಕಾಲೆತ್ತರಕ್ಕೇ ಹಳದಿಯಾಗುತ್ತದೆ. ವರ್ಷಗಟ್ಟಲೆ ನದಿನೀರು ಹಾಯಿಸಿ, ಬಸಿದು ಹೋಗಲು ದಾರಿ ಕೊಡದಿದ್ದರೆ ಕರಿಮಣ್ಣಿನಲ್ಲಿ ಆಗುವುದೇ ಇದು. ಅಥಣಿ, ಕಾಗವಾಡ ಭಾಗದಲ್ಲಿ ಸವಳು-ಜವಳಿಗೆ ಬಿದ್ದು ಕಬ್ಬನ್ನೇ ಬಿಟ್ಟ ಹೊಲಗಳನ್ನು ನೀನೇ ನೋಡಿದ್ದೀಯ. ಬದುವಿನಾಚೆ ನಿನ್ನ ಜಿದ್ದಿನವನ ಹೊಲದ ಮೇಲಿನ ಮೂಲೆಯೂ ಹಾಗೇ ಆಗಿದೆ. ನೀನು ನೂರು ಅಂದೆ, ಅವನು ನೂರಾ ಐದು ಅಂದ. ಮೂಲೆಯ ಮಾತು ಇಬ್ಬರೂ ಎತ್ತಲಿಲ್ಲ.

ಭೂಮಿಯೊಳಗೆ ತೂತಿನ ಪೈಪು ಹಾಕಿ ನೀರು ಬಸಿಸಬಹುದು. ಆದರೆ ಬಸಿದ ನೀರು ಹಳ್ಳ ಸೇರಬೇಕಲ್ಲ. ನಿನ್ನ ಹೊಲದಿಂದ ಹಳ್ಳಕ್ಕೆ ಇಳಿಜಾರು ಇರುವುದು ಅವನ ಹೊಲದ ಮೂಲಕ, ಬೇರೆ ದಾರಿಯಿಲ್ಲ. 100 ಟನ್ ಬೆಳೆಯುವವನಿಗೆ ಪೈಪಿಗೆ ಜಾಗ ಯಾಕೆ ಬೇಕು ಎಂದು ಅವನು ಕೇಳಿದರೆ ಏನು ಹೇಳುತ್ತೀ?

ಆದ್ದರಿಂದ ಮೂರು ವರ್ಷದ ಕಾಟಾ ಚೀಟಿಗಳನ್ನು ತಗೊಂಡು ನೀನೇ ಅವನ ಮನೆಗೆ ಹೋಗು. 44 ಬಿತ್ತು ಎಂದು ಮೊದಲು ನೀನೇ ಹೇಳು. ಅವನು ಆಗಲೂ ನೂರಾ ಐದು ಅಂದರೆ ಅನ್ನಲಿ, ಜಗಳಕ್ಕೆ ಹೋಗಬೇಡ. ಸಾಲು ಎಷ್ಟಡಿ, ಅಡಸಾಲಿಯೋ ಕುಳೆಯೋ, ಮೇಲಿನ ಮೂಲೆಯಲ್ಲಿ ಎಷ್ಟು ಬಂತು ಎಂದು ಕೇಳು. ಮೂರನೆಯ ಪ್ರಶ್ನೆಗೆ ಅವನು ನಕ್ಕರೆ ಪೈಪಿನ ಮಾತು ತೆಗೆ, ಖರ್ಚು ಅರ್ಧರ್ಧ ಅನ್ನು. ಕಬ್ಬು ಹೋದ ಕೂಡಲೇ, ಬೇಸಿಗೆ ಮುಗಿಯುವುದರೊಳಗೆ ಆಗಬೇಕಾದ ಕೆಲಸ ಅದು. ಮಳೆ ಹಿಡಿದರೆ ಆ ಕರಿಮಣ್ಣಿಗೆ ಜೆಸಿಬಿ ಇಳಿಯುವುದಿಲ್ಲ.