ಹೈಡ್ರವೂ ಮುಪ್ಪೂ

ಪ್ರಾಣಿಶಾಸ್ತ್ರದ ಪಾಠದಲ್ಲಿ ನಾವು ಕಂಡ ಹೈಡ್ರವನ್ನು ವಾಚಕರು ಮರೆತಿರಲಾರರು. ಕೊಳದ ಈ ಪುಟ್ಟ ಜೀವಿಯನ್ನು ಮಾರ್ಟಿನೆಜ್ ಎಂಬ ವಿದ್ವಾಂಸರು ನಾಲ್ಕು ವರ್ಷ ಸಾಕಿ, ಮುಪ್ಪಿನ ಕುರುಹು ಕಾಣಲಿಲ್ಲವೆಂದು 1998ರಲ್ಲಿ ಪ್ರಕಟಿಸಿದರು. ಅದರ ನಡುಮೈಯ ಮೂಲಕೋಶಗಳು ಎಡೆಬಿಡದೆ ವಿಭಾಗವಾಗುತ್ತಿರಲು, ಹಳೆಯ ಕೋಶಗಳು ತುದಿಗಳಿಗೆ ಸರಿದು ಉದುರಿಹೋಗುವುವು.

ಸೀ. ಎಲೆಗನ್ಸ್ ಎಂಬ ದಾರದಂಥ ಕಿರುಹುಳಕ್ಕೆ ಈ ಭಾಗ್ಯವಿಲ್ಲ. ಪ್ರಜನನಕೋಶಗಳ ಹೊರತು, ಬೆಳೆದ ಹುಳದಲ್ಲಿ ಯಾವ ಕೋಶವೂ ವಿಭಾಗವಾಗದು. ಸುಮಾರು ಮೂರು ವಾರಗಳಲ್ಲಿ ಮುಪ್ಪಡಸಿ ಸಾಯುವುದು. ಇರುವ ಕೋಶಗಳೇ ತಮ್ಮೊಳಗಿನ ಸವೆದ ಭಾಗಗಳನ್ನು ಅರಗಿಸಿ ಮರಳಿ ಉಪಯೋಗಿಸಬೇಕು. ಇದಕ್ಕೆ ಸ್ವಭಕ್ಷಣವೆಂದು ಹೆಸರು. ಹೆಸರು ಘೋರವಾದರೂ ಕೆಲಸವು ಮನೆವಾರ್ತೆಯದೇ. ದೀರ್ಘಾಯುವಾದ ತಳಿಯ ಹುಳಗಳಲ್ಲಿ ಇದನ್ನು ತಡೆದೊಡನೆ ಹೆಚ್ಚಿನ ಆಯುಸ್ಸು ಉಳಿಯಲಿಲ್ಲವೆಂದು 2003ರಲ್ಲಿ ತಿಳಿದುಬಂದಿತು. ನಮ್ಮ ಚರ್ಮವೂ ಹೈಡ್ರದಂತೆ ಹೊಸತಾಗುತ್ತಿರುವುದು. ಮಿದುಳಿನ ನರಕೋಶಗಳಾದರೋ ಬಹುಮಟ್ಟಿಗೆ ಜನ್ಮವಿಡೀ ಅವೇ.