ಪಿಟ್ಯುಟರಿ ಗೆಡ್ಡೆ: ಲಕ್ಷಣ ಮತ್ತು ಶಸ್ತ್ರಚಿಕಿತ್ಸೆ

ಮೆದುಳಿನ ತಳದಲ್ಲಿ, ಸ್ಫೀನಾಯ್ಡ್ ಮೂಳೆಯ ಸೆಲ್ಲಾ ಟರ್ಸಿಕಾ ಎಂಬ ಗುಳಿಯಲ್ಲಿ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಕೂತಿದೆ. ಇಲ್ಲಿ ಬೆಳೆಯುವ ಗೆಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲದ ಅಡಿನೋಮಾಗಳು. 10 ಮಿ.ಮೀ.ಗಿಂತ ಚಿಕ್ಕದು ಮೈಕ್ರೋಅಡಿನೋಮಾ, ಅಷ್ಟು ಅಥವಾ ಅದಕ್ಕೂ ದೊಡ್ಡದು ಮ್ಯಾಕ್ರೋಅಡಿನೋಮಾ.

ಲಕ್ಷಣಗಳಿಗೆ ಎರಡು ಮೂಲ: ಒತ್ತಡ, ಹಾರ್ಮೋನು. ಗೆಡ್ಡೆ ಮೇಲಕ್ಕೆ ಬೆಳೆದು ದೃಷ್ಟಿನರಗಳು ಕೂಡುವ ಆಪ್ಟಿಕ್ ಕಯಾಸ್ಮಾವನ್ನು ಒತ್ತಿದರೆ ಎರಡೂ ಕಣ್ಣುಗಳ ಹೊರಬದಿಯ ನೋಟ ಹೋಗುತ್ತದೆ. ಪರೀಕ್ಷಕರಿಗೆ ಬಲು ಪ್ರಿಯವಾದ ಅಂಶವಿದು. ತಲೆನೋವೂ ಇರಬಹುದು. ಬೆಳವಣಿಗೆಯ ಹಾರ್ಮೋನು ಹೆಚ್ಚಾದರೆ ವಯಸ್ಕರಲ್ಲಿ ಅಕ್ರೋಮೆಗಲಿ: ಕೈಕಾಲು, ದವಡೆ ದಪ್ಪವಾಗಿ ಉಂಗುರ, ಚಪ್ಪಲಿ ಬಿಗಿಯಾಗುತ್ತವೆ. ಎತ್ತರ ಮಾತ್ರ ಹೆಚ್ಚುವುದಿಲ್ಲ. ಎತ್ತರ ಹೆಚ್ಚುವುದು ಮಕ್ಕಳಲ್ಲಿ ಕಾಣುವ ಜೈಗ್ಯಾಂಟಿಸಂನಲ್ಲಿ. ಎಸಿಟಿಎಚ್ ಹಾರ್ಮೋನು ಹೆಚ್ಚಾದರೆ ಕುಶಿಂಗ್ ಕಾಯಿಲೆ: ದುಂಡು ಮುಖ, ಹೊಟ್ಟೆಯ ಮೇಲೆ ನೇರಳೆ ಗೆರೆ, ಅಧಿಕ ರಕ್ತದೊತ್ತಡ. ಪ್ರೊಲ್ಯಾಕ್ಟಿನ್ ಹೆಚ್ಚಾದರೆ ಮುಟ್ಟು ನಿಲ್ಲುವುದು, ಎದೆಹಾಲು ಒಸರುವುದು. ಪುರುಷರಲ್ಲಿ ಲೈಂಗಿಕ ನಿರಾಸಕ್ತಿ.

ಎಂಆರ್‌ಐ ಮುಖ್ಯ ತಪಾಸಣೆ. ಚಿಕಿತ್ಸೆಯ ವಿಷಯದಲ್ಲಿ ಅಭ್ಯರ್ಥಿಗಳು ಎಡವುವುದು ಪ್ರೊಲ್ಯಾಕ್ಟಿನೋಮಾದಲ್ಲಿ: ಇದಕ್ಕೆ ಸಾಮಾನ್ಯವಾಗಿ ಮೊದಲ ಆಯ್ಕೆ ಕ್ಯಾಬರ್ಗೋಲಿನ್ ಮಾತ್ರೆ, ಶಸ್ತ್ರಚಿಕಿತ್ಸೆಯಲ್ಲ. ಅಕ್ರೋಮೆಗಲಿ, ಕುಶಿಂಗ್ ಕಾಯಿಲೆ ಹಾಗೂ ದೃಷ್ಟಿಗೆ ಕುತ್ತು ತರುವ ಇತರ ಗೆಡ್ಡೆಗಳಿಗೆ ಮೂಗಿನ ಮೂಲಕ, ಸ್ಫೀನಾಯ್ಡ್ ಕುಹರ ದಾಟಿ ಹೋಗುವ ಟ್ರಾನ್ಸ್‌ಸ್ಫೀನಾಯ್ಡಲ್ ವಿಧಾನವೇ ರೂಢಿ. ತಲೆಬುರುಡೆ ತೆರೆಯುವುದು ವಿರಳ. ಮೂಗಿನ ಮೂಲಕ ಹೋಗುವ ಮಾರ್ಗವನ್ನು 1907ರಲ್ಲಿ ಮೊದಲು ಹಿಡಿದವರು ಆಸ್ಟ್ರಿಯಾದ ಹರ್ಮನ್ ಶ್ಲೋಫರ್. ಅಮೆರಿಕದ ಹಾರ್ವೆ ಕುಶಿಂಗ್ ಅದನ್ನು ಬೆಳೆಸಿ, ಕೊನೆಗೆ ತಾವೇ ಕೈಬಿಟ್ಟರು. 1960ರ ದಶಕದಲ್ಲಿ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ ಸೂಕ್ಷ್ಮದರ್ಶಕ ಬಳಸಿ ಅದಕ್ಕೆ ಮರುಜೀವ ಕೊಟ್ಟರು. ಈಗ ಎಂಡೋಸ್ಕೋಪ್ ವ್ಯಾಪಕ.

ಶಸ್ತ್ರಚಿಕಿತ್ಸೆಯ ನಂತರ ಮೂಗಿನಿಂದ ಮೆದುಳುದ್ರವ ಸೋರಬಹುದು, ಡಯಾಬಿಟಿಸ್ ಇನ್ಸಿಪಿಡಸ್ ಬರಬಹುದು. ಎರಡನೆಯದು ಸಕ್ಕರೆ ಕಾಯಿಲೆಯಲ್ಲ, ವ್ಯಾಸೊಪ್ರೆಸಿನ್ ಕೊರತೆಯಿಂದಾಗುವ ಅತಿಮೂತ್ರ.