ಮಿದುಳಿನ ರೋಗಕ್ಕೂ ಮದ್ದುಂಟು

ಪತಿಗಾಗಲಿ ಪತ್ನಿಗಾಗಲಿ ಇಲ್ಲದ ದನಿಗಳು ಕೇಳಿಸತೊಡಗಿದರೆ, ಅಕಾರಣ ಸಂಶಯ ಮೂಡಿದರೆ, ಅದನ್ನು ದೆವ್ವದ ಕಾಟವೆಂದು ಬಗೆಯದಿರಿ. ಅದು ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆ ಇರಬಹುದು.

1976ರಲ್ಲಿ ಲಂಡನ್ನಿನ ವೈದ್ಯರು ಸಿ.ಟಿ. ಸ್ಕ್ಯಾನ್ ಮೂಲಕ ಪರೀಕ್ಷಿಸಿದಾಗ, ಬಹುಕಾಲದ ರೋಗಿಗಳ ಮಿದುಳಿನಲ್ಲಿ ದ್ರವ ತುಂಬಿದ ಕುಹರಗಳು ಹಿಗ್ಗಿದ್ದುದು ಕಂಡುಬಂದಿತು. ಈ ಬದಲಾವಣೆ ಎಲ್ಲರಲ್ಲಿಯೂ ಇರದು. ಇದ್ದ ಮಾತ್ರಕ್ಕೆ ಚಿಕಿತ್ಸೆ ವ್ಯರ್ಥವೂ ಅಲ್ಲ.

ಔಷಧದಿಂದ ಬಹುಮಂದಿ ಚೇತರಿಸಿಕೊಳ್ಳುವರು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುವುದು. ಎರಡು ಬಗೆಯ ಔಷಧಗಳು ಫಲಿಸದವರಿಗೆ ರಕ್ತಪರೀಕ್ಷೆಯ ಎಚ್ಚರದೊಡನೆ ಕ್ಲೋಜಪಿನ್ ಕೊಡುವರು. ಗುಣ ಕಂಡೊಡನೆ ಗುಳಿಗೆ ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು.

ಆದುದರಿಂದ ರೋಗಿಯಾದ ಪತ್ನಿಯನ್ನು ತವರಿಗೆ ಅಟ್ಟದೆ, ಪತಿಯನ್ನು ಕೂಡಿಹಾಕದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೊತೆಯಾಗಿ ಬನ್ನಿರಿ. ಸಲಹೆಗಾಗಿ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.